ನಲವತ್ತೈದರ ವೇಗದ ಅತ್ತೆ

ನಮ್ಮ ಅತ್ತೆ ದೋನ್ಯಾ ಒತೀಲಿಯಾ ಅವರನ್ನು ಬಟ್ಟೆಯ ಲೆಕ್ಕದಲ್ಲಿ ಹೇಳುವುದಾದರೆ, ಥಾನು ಸಣ್ಣದು, ನೇಯ್ಗೆ ಬಿಗಿ. ಎತ್ತರ ಕಡಿಮೆ, ಅಗಲ ಇನ್ನೂ ಕಡಿಮೆ. ಬಣ್ಣ ಗಟ್ಟಿ, ಎಷ್ಟು ಒಗೆದರೂ ಬಿಡುವುದಿಲ್ಲ. ಬಲ ಮಂಡಿಯ ಹತ್ತಿರ ಮಾತ್ರ ನೂಲು ಸವೆದಿದೆ. ಇಂಥ ಮಾಲು ಅಂಗಡಿಗೆ ಬಂದರೆ ನಾನು ಎದುರಿಗೆ ನೇತು ಹಾಕುವುದಿಲ್ಲ, ಗಲ್ಲಾದ ಹಿಂದೆ ಇಡುತ್ತೇನೆ. ಗೊತ್ತಿಲ್ಲದ ಗಿರಾಕಿ ಬಂದು ಚೌಕಾಸಿ ಶುರುಮಾಡಿದರೆ, ಅವನೇ ನಷ್ಟಕ್ಕೆ ಬಿದ್ದು ಮನೆಗೆ ಹೋಗುತ್ತಾನೆ.

ಆ ಗಿರಾಕಿಗಳಲ್ಲಿ ನಾನೇ ಮೊದಲನೆಯವನು. ಹೆಸರು ಫಾಬಿಯೊ. ಸಾಲ್ಸಾ ಕುಣಿತಕ್ಕೆ ಹೆಸರಾದ ಕಾಲಿ ನಗರದ ಒಬ್ರೇರೊ ಬಡಾವಣೆಯಲ್ಲಿ ಕುಣಿತದ ಉಡುಪಿಗೆ ಬೇಕಾದ ಬಟ್ಟೆ, ಜರಿ, ಚಮಕಿ ಮಾರುತ್ತೇನೆ. ಹುಟ್ಟಿದ್ದು ಮೆದೆಯಿನ್ ಕಡೆಯ ಬೆಟ್ಟದಲ್ಲಿ. ನಮ್ಮ ಸೀಮೆಯವರನ್ನು ಇಲ್ಲಿ 'ಪೈಸಾ' ಎಂದು ಕರೆಯುತ್ತಾರೆ. ಪೈಸಾಗಳು ಕಲ್ಲಿಗೆ ಬಣ್ಣ ಬಳಿದು ಮೊಟ್ಟೆ ಎಂದು ಮಾರಬಲ್ಲರು, ಆದರೆ ಸಾಲ್ಸಾ ಕುಣಿದರೆ ಕಬ್ಬಿಣದ ಬೀರು ಸಾಗಿಸುತ್ತಿರುವ ಹಾಗೆ ಕಾಣುತ್ತದೆ ಎಂಬುದು ಈ ಊರಿನವರ ಅಭಿಪ್ರಾಯ. ಮೊದಲ ಅರ್ಧವನ್ನು ನಾನು ವಿನಯದಿಂದ ಒಪ್ಪುತ್ತೇನೆ.

ಅತ್ತೆಯ ಎಂಬತ್ತನೆಯ ಹುಟ್ಟುಹಬ್ಬ ಹತ್ತಿರ ಬಂತು. ಅದಾದ ವಾರಕ್ಕೆ ಅವರ ಬಲ ಮಂಡಿ ತೆಗೆದು ಹೊಸದು ಕೂರಿಸುವುದೆಂದು ಡಾಕ್ಟರು ನಿಶ್ಚಯಿಸಿದ್ದರು. "ಆಮೇಲೆ ನಡೀಬಹುದು, ಮೆಟ್ಟಿಲು ಹತ್ತಬಹುದು. ಕುಣಿಯೋ ಮಾತು ಆಮೇಲೆ ನೋಡೋಣ" ಎಂದಿದ್ದರು. ಡಾಕ್ಟರ ಬಾಯಲ್ಲಿ "ಆಮೇಲೆ ನೋಡೋಣ" ಎಂದರೇನೆಂದು ಅತ್ತೆಗೆ ಚೆನ್ನಾಗಿ ಗೊತ್ತು. ಗಿರಾಕಿಗಳು ಅಂಗಡಿಯಿಂದ ಇಳಿಯುವಾಗ ನನಗೂ ಅದನ್ನೇ ಹೇಳುತ್ತಾರೆ.

"ನನಗೆ ಕೇಕು ಬೇಡ, ಉಡುಗೊರೆ ಬೇಡ" ಎಂದರು ಅತ್ತೆ. "ಹಳೇ ಮಂಡೀಲಿ ಒಂದು ಸಲ ಅರ್ನುಲ್ಫೊ ಹಾಡಿಗೆ ಕುಣೀಬೇಕು. ಅಷ್ಟೇ."

ಅರ್ನುಲ್ಫೊ ಎಂದರೆ ತೀರಿಕೊಂಡ ನಮ್ಮ ಮಾವ. ಅವರ ಹಾಡು ಎಂದರೆ ಅವರು ಹಾಡಿದ್ದಲ್ಲ; ಇಬ್ಬರೂ ಪ್ರಾಯದಲ್ಲಿ ಕುಣಿಯುತ್ತಿದ್ದ ನ್ಯೂಯಾರ್ಕಿನ ಒಂದು ಬೂಗಾಲೂ, ಸಾಲ್ಸಾದ ಅಕ್ಕನಂಥ ಕುಣಿತದ ಹಾಡು. ಹಳೇ ಗ್ರಾಮಫೋನ್ ತಟ್ಟೆ ಎಲ್ಲೋ ಕೈಬಿಟ್ಟು ಹೋಗುವ ಮೊದಲು ಮಾವ ಅದನ್ನೊಂದು ಸಿ.ಡಿ.ಗೆ ಇಳಿಸಿಕೊಂಡಿದ್ದರು. ಪ್ರತಿ ಹುಟ್ಟುಹಬ್ಬಕ್ಕೂ ಅದೇ ಸಿ.ಡಿ. ಸದ್ದು ಬಾಣಲೆಯಲ್ಲಿ ಹುರಿದ ಹಾಗೆ. ಹಾಡಿನ ನಡುವೆ ಒಂದು ಕಡೆ ಗೀರು ಬಿದ್ದು ರಾಗ ಚಂಗನೆ ನೆಗೆಯುತ್ತಿತ್ತು. ಅದು ನೆಗೆದಾಗ ಅತ್ತೆಯೂ ನೆಗೆಯುತ್ತಿದ್ದರು, ಅವರ ಜೊತೆಗೆ ಮನೆಯವರೆಲ್ಲ ನೆಗೆಯುತ್ತಿದ್ದರು. ಬೂಗಾಲೂ ಎಂದರೇ ಹಾಗೆ, ನಡುವೆ ಒಮ್ಮೆ ನೆಗೆಯಬೇಕು ಎಂದು ನಾನು ಬಹುಕಾಲ ತಿಳಿದಿದ್ದೆ.

ಈ ಸಲ ಹಾಗಾಗಕೂಡದು ಎಂದು ತೀರ್ಮಾನಿಸಿದೆ. ಎಂಬತ್ತರ ಅತ್ತೆಗೆ ಅಪ್ಪಟ ಸದ್ದು! ಕಹಳೆಯವನು ಉಸಿರೆಳೆದುಕೊಂಡದ್ದೂ ಕೇಳಬೇಕು. ನೆಂಟರು ಅದರ ಮಾತನ್ನೇ ವರ್ಷವಿಡೀ ಆಡಬೇಕು. ಕಲಬೆರಕೆ ಜರಿಯನ್ನು ಕಣ್ಣು ಮುಚ್ಚಿ ಮುಟ್ಟಿ ಹೇಳಬಲ್ಲ ಮನುಷ್ಯನ ಮನೆಯಲ್ಲಿ ಕಲಬೆರಕೆ ಸಂಗೀತವೇ?

ಇದಕ್ಕೆ ಗುರುವಾಗಿ ಸಿಕ್ಕವರು ಡಾಕ್ಟರ್ ಬ್ರಾವ್ಲಿಯೊ. ರಾಜಧಾನಿ ಬೊಗೊತಾ ಕಡೆಯವರು, ನಮ್ಮ ಬೀದಿಯಲ್ಲಿ ಹಲ್ಲಿನ ದವಾಖಾನೆ ಇಟ್ಟಿದ್ದಾರೆ. ಹಲ್ಲು ಕೀಳುವಾಗ ಗಿರಾಕಿಯ ಬಾಯಿ ತೆರೆದೇ ಇರುವುದರಿಂದ ಮರುಮಾತು ಬರುವುದಿಲ್ಲ. ಆ ಹೊತ್ತಿನಲ್ಲಿ ಅವರು ಧ್ವನಿಶುದ್ಧಿಯ ಬಗ್ಗೆ ಉಪನ್ಯಾಸ ಕೊಡುತ್ತಾರೆ.

"ಫೋನಿಂದ ಡಬ್ಬಕ್ಕೆ ಗಾಳೀಲಿ ಹಾಡು ಕಳಿಸ್ತೀರಲ್ಲ, ಬ್ಲೂಟೂತು, ಅದು ಮೊದಲನೇ ಪಾಪ" ಎಂದರು. "ಕಿತ್ತಳೆ ಹಣ್ಣಿನ ರಸ ಚೆಲ್ಲಿ ಸಿಪ್ಪೆ ಕಳಿಸಿದ ಹಾಗೆ. ತಂತಿ ಬೇಕು. ಎರಡನೇದು, ಹಾಡಿನ ಆ್ಯಪಲ್ಲಿ ಗುಣಮಟ್ಟ 'ಸಾಧಾರಣ' ಅಂತ ಇರುತ್ತೆ, ನಾವೇ ಹೋಗಿ ಬದಲಾಯಿಸ್ಬೇಕು. ಮೂರನೇದು, ಕಂಪ್ಯೂಟರು ನಡುವೆ ಕೈ ಹಾಕಿ ಸದ್ದನ್ನ ತನಗೆ ಬೇಕಾದ ಅಳತೆಗೆ ಹೊಲಿದುಬಿಡುತ್ತೆ. ಅದರ ಕೈ ಕಟ್ಟಬೇಕು. ಅದಕ್ಕೊಂದು ಪೆಟ್ಟಿಗೆ ಬರುತ್ತೆ."

ಪೆಟ್ಟಿಗೆ ಬಂತು. ಸೋಪಿನ ಡಬ್ಬಿಯಷ್ಟಿತ್ತು, ಕಂಪ್ಯೂಟರಿನ ಅಂಕಿಗಳನ್ನು ಸದ್ದಾಗಿ ಬದಲಿಸುವುದು ಅದರ ಕೆಲಸ. ನನ್ನ ಹೆಂಡತಿ ನೆಲ್ಸಿ ಅದನ್ನು ಕೈಯಲ್ಲಿ ತೂಗಿ ನೋಡಿದಳು.

"ಇದರೊಳಗೆ ಏನಿದೆ?"

"ಸತ್ಯ ಇದೆ."

"ಹಗುರಾಗಿದೆ."

ಮೊದಲು ಮಾವನ ಸಿ.ಡಿ.ಯನ್ನೇ ಶುದ್ಧಮಾಡೋಣ ಎಂದು ಬ್ರಾವ್ಲಿಯೊ ಅದನ್ನು ಕಂಪ್ಯೂಟರಿಗೆ ಹಾಕಿದರು. ಅವರ ತಂತ್ರಾಂಶ ಭಾರಿ ಅನುಮಾನದ್ದು. ಒಂದೊಂದು ಚೂರನ್ನೂ ಮತ್ತೆ ಮತ್ತೆ ಓದುತ್ತದೆ, ಆಮೇಲೆ ಅದೇ ಸಿ.ಡಿ. ಇರುವ ಬೇರೆ ಜನ ಓದಿಸಿಕೊಂಡದ್ದರ ಜೊತೆ ತಾಳೆ ನೋಡುತ್ತದೆ. ತಾಳೆಯಾದರೆ ಅಸಲಿ. ಅದು ಬಹಳ ಹೊತ್ತು ಗುರುಗುಟ್ಟಿ, ಕೊನೆಗೆ ಇಂಥದ್ದು ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ ಎಂದು ಕೈಚೆಲ್ಲಿತು.

ಬ್ರಾವ್ಲಿಯೊ ಕೊಳೆತ ದವಡೆ ಹಲ್ಲನ್ನು ನೋಡುವಂತೆ ಅದನ್ನು ನೋಡಿದರು. "ಮನೇಲಿ ಇಳಿಸಿಕೊಂಡಿದ್ದು, ತಾಳೆ ಆಗೋದಿಲ್ಲ. ಗೀರಿದೆ. ಸಾಲದ್ದಕ್ಕೆ ವೇಗಾನೂ ತಪ್ಪು, ಓಡ್ತಾ ಇದೆ. ನಿಮ್ಮ ಮಾವನ ಯಂತ್ರ ಕೆಟ್ಟಿತ್ತು. ಅಸಲಿ ಹಾಡು ಕೇಳಿ ಇಲ್ಲಿ."

ಆ್ಯಪಿನಿಂದ ಅಸಲಿಯನ್ನು ಹಾಕಿದರು. ಸೊಂಪಾಗಿ, ನಿಧಾನವಾಗಿ, ಮದುವೆ ಊಟ ಮುಗಿಸಿ ಬಂದವನ ಹಾಗೆ ಒಬ್ಬ ಗಂಡಸು ಹಾಡಿದ. ನಾನು ಬೆಚ್ಚಿಬಿದ್ದೆ. ಅಷ್ಟು ವರ್ಷವೂ ಅದನ್ನು ಹಾಡಿದ್ದು ಯಾರೋ ತೆಳ್ಳಗಿನ ಹುಡುಗಿ ಎಂದು ನಂಬಿದ್ದೆ.

"ಪಾಪ ಮಾವ" ಎಂದೆ. "ಜೀವಮಾನವೆಲ್ಲ ತಪ್ಪು ಹಾಡು ಕೇಳಿದರು. ಸರಿ ಮಾಡೋ ಭಾಗ್ಯ ಅಳಿಯನಿಗೆ ಬಂತು ನೋಡಿ."

ಶುದ್ಧ ಸಂಗ್ರಹದಲ್ಲಿ ಅಶುದ್ಧ ಇರಬಾರದೆಂದು ಬ್ರಾವ್ಲಿಯೊ ಕಂಪ್ಯೂಟರಿಗೆ ಇಳಿದಿದ್ದನ್ನು ಅಳಿಸಿದರು. ಸಿ.ಡಿ. ಉಳಿಯಿತು. ಕುಣಿತದ ಶಾಲೆಗಳಿಗೆ ಉಡುಪು ಹೊಲಿಯುವ ಗಿರಾಕಿಯೊಬ್ಬಳು ಹಳೇ ಸಿ.ಡಿ.ಗಳನ್ನು ಎಸಳೆಸಳಾಗಿ ಕತ್ತರಿಸಿ ಲಂಗಕ್ಕೆ ಹೊಲಿಯುತ್ತಾಳೆ. ದೀಪದ ಕೆಳಗೆ ಚಮಕಿಗಿಂತ ಚೆನ್ನಾಗಿ ಹೊಳೆಯುತ್ತದೆ. ಅವಳು ಕೇಳಿದ್ದ ಹಳೇ ಸಿ.ಡಿ.ಗಳ ಕಟ್ಟಿಗೆ ಇದನ್ನೂ ಸೇರಿಸಿ ಕೊಟ್ಟೆ. ನಮ್ಮ ಬೆಟ್ಟದ ಜನ ಏನನ್ನೂ ದಂಡ ಮಾಡುವುದಿಲ್ಲ.

ಭಾನುವಾರ ಮಧ್ಯಾಹ್ನ ಅಂಗಳದ ತುಂಬ ನೆಂಟರು. ಒಲೆಯ ಮೇಲೆ ಕೋಳಿ, ಬಾಳೆಕಾಯಿ, ಗೆಣಸು ಬೆಂದ ಸಾಂಕೋಚೊ ಸಾರು. ಪಕ್ಕದ ಮನೆಯ ದೊನ್ ಎಲಾದಿಯೊ ಎಂದಿನಂತೆ ತಮ್ಮ ದನದ ಗಂಟೆ, ಅದಕ್ಕೆ ಬಡಿಯುವ ಕೋಲು ಹಿಡಿದು ಬಂದು ಗೋಡೆ ಬದಿ ಕೂತಿದ್ದರು. ಈ ಊರಿನಲ್ಲಿ ಹಾಡು ಕೇಳುವುದೆಂದರೆ ಬರಿಗೈಲಿ ಕೇಳುವುದಲ್ಲ. ವಾದ್ಯದವರಲ್ಲಿ ಒಬ್ಬ ಕಡಿಮೆ ಬಿದ್ದಿದ್ದಾನೆ, ಅವನು ತಾನೇ, ಎಂದುಕೊಂಡು ಕೇಳುವುದು.

ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. "ಇವತ್ತು ನೀವು ಕೇಳೋದು ಒಂದು ಕಣವೂ ಕಳೆಯದ ಹಾಡು. ದಯವಿಟ್ಟು ಸೌಟು ಅಲ್ಲಾಡಿಸಬೇಡಿ. ದೊನ್ ಎಲಾದಿಯೊ, ಮೊದಲ ಸಲಕ್ಕೆ ಗಂಟೆ ಬೇಡ."

"ಗಂಟೆ ಇಲ್ದೆ ನಾನು ಇಲ್ಲಿ ಯಾಕಿದೀನಿ?" ಎಂದರು ಎಲಾದಿಯೊ.

ಅತ್ತೆ ಕೆಂಪು ಉಡುಪು ತೊಟ್ಟು ಅಂಗಳದ ನಡುವೆ ಬಂದು ನಿಂತರು. ಒಂದು ಕಾಲು ಆಗಲೇ ಹಿಮ್ಮಡಿ ಎತ್ತಿ ಸಿದ್ಧವಾಗಿತ್ತು. ಬ್ರಾವ್ಲಿಯೊ ಗುಂಡಿ ಒತ್ತಿದರು.

ಎಂಥ ಸದ್ದು! ಯಾರೋ ಕುರ್ಚಿ ಸರಿಸಿದ್ದು ಕೇಳಿಸಿತು. ಕಹಳೆಯವನ ಉಸಿರು ಕೇಳಿಸಿತು. ಆಮೇಲೆ ಹಾಡು, ಎತ್ತಿನ ಗಾಡಿ ಏರು ಹತ್ತಿದಂತೆ, ಬಂತು. ಅತ್ತೆ ಎತ್ತಿದ ಹಿಮ್ಮಡಿ ಎತ್ತಿದಂತೆಯೇ ಇತ್ತು. ಅದನ್ನು ಇಳಿಸುವ ತಾಳ ಇನ್ನೂ ಬಂದಿರಲಿಲ್ಲ.

"ಯಾರು ತೀರ್ಕೊಂಡ್ರು?" ಎಂದು ಮೆಲ್ಲಗೆ ಕೇಳಿದರು.

"ಯಾರೂ ಇಲ್ಲ ಅತ್ತೆ. ಇದು ಅಸಲಿ. ಒಂದು ಕಣಾನೂ ಕಳೆದಿಲ್ಲ."

"ಕಣ ಎಲ್ಲಾ ಇರ್ಲಪ್ಪ. ಹಾಡೆಲ್ಲೋಯ್ತು?"

"ಒಂದು ಏಟಿಗೂ ಇನ್ನೊಂದು ಏಟಿಗೂ ಮಧ್ಯೆ ನಾನು ಮನೆಗೆ ಹೋಗಿ ಉಂಡು ಬರಬಹುದು" ಎಂದರು ಎಲಾದಿಯೊ.

ಬ್ರಾವ್ಲಿಯೊ ಸೌಜನ್ಯದಿಂದ ವಿವರಿಸಿದರು. "ಅಮ್ಮಾ, ನಿಮ್ಮ ಯಜಮಾನರ ಯಂತ್ರ ಕೆಟ್ಟಿತ್ತು. ವೇಗ ತಪ್ಪಿತ್ತು."

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಂತ್ರ ಸರಿಯಾಗೇ ಇತ್ತು ಡಾಕ್ಟ್ರೇ. ಆ ಹಳೇ ತಟ್ಟೆ ನಿಮಿಷಕ್ಕೆ ಮೂವತ್ತಮೂರು ಸುತ್ತಿನ ವೇಗದ್ದು. ಆ ವೇಗಕ್ಕೆ ಕುಣಿಯೋಕೆ ನಮಗೇನು ಜ್ವರ ಬಂದಿತ್ತಾ? ಅರ್ನುಲ್ಫೊ ಗುಂಡಿ ತಿರುಗ್ಸಿ ನಲವತ್ತೈದಕ್ಕೆ ಇಡ್ತಿದ್ರು, ಸಿ.ಡಿ.ಗೂ ಹಾಗೇ ಇಳಿಸಿದ್ರು. ಈ ಊರಲ್ಲಿ ಎಲ್ರೂ ಹಾಗೇ ಇಡ್ತಿದ್ರು. ನ್ಯೂಯಾರ್ಕಿನವರಿಗೆ ಆತುರ ಇರ್ಲಿಲ್ಲ, ನಮಗಿತ್ತು."

ಬೆಟ್ಟದವನೊಬ್ಬ, ಬೊಗೊತಾದವನೊಬ್ಬ, ಇಬ್ಬರೂ ಸೇರಿ ಕಾಲಿಯ ಕಾಲನ್ನು ರಿಪೇರಿ ಮಾಡಲು ಹೋಗಿದ್ದೆವು.

"ಆಯ್ತು, ಅಪ್ಪನ ಸಿ.ಡಿ. ಹಾಕು" ಎಂದಳು ನೆಲ್ಸಿ.

ನಾನು ಸಾರಿನ ಪಾತ್ರೆಯ ಕಡೆ ನೋಡಿದೆ.

"ಫಾಬಿಯೊ, ಸಿ.ಡಿ. ಎಲ್ಲಿ?"

"ಲಂಗದಲ್ಲಿದೆ."

"ಯಾರ ಲಂಗದಲ್ಲಿ?"

ಮದುವೆಯಾದ ಗಂಡಸಿಗೆ ಈ ಪ್ರಶ್ನೆ ಯಾವ ಸಂದರ್ಭದಲ್ಲೂ ಒಳ್ಳೆಯದಲ್ಲ. ಕತ್ತರಿ, ಎಸಳು, ಚಮಕಿ ಎಲ್ಲವನ್ನೂ ಹೇಳಿದೆ. ಅಂಗಳದಲ್ಲಿ ಸಾರು ಕುದಿಯುವುದು ಮಾತ್ರ ಕೇಳಿಸುತ್ತಿತ್ತು, ಒಂದು ಕಣವೂ ಕಳೆಯದೆ.

ಬ್ರಾವ್ಲಿಯೊ ಮಾನ ಉಳಿಸಲು ನೋಡಿದರು. ಶುದ್ಧಿಯ ವ್ರತವನ್ನು ಪಕ್ಕಕ್ಕಿಟ್ಟು ಆ್ಯಪಿನಲ್ಲಿ ವೇಗ ಹೆಚ್ಚಿಸಿದರು. ಆದರೆ ಆ ಯಂತ್ರಕ್ಕೆ ಬುದ್ಧಿ ಹೆಚ್ಚು: ಹಾಡನ್ನು ಓಡಿಸಿತು, ದನಿಯನ್ನು ಮಾತ್ರ ಮೊದಲಿದ್ದ ದಪ್ಪದಲ್ಲೇ ಉಳಿಸಿತು.

"ಇವನ್ಯಾರು, ಬಸ್ಸಿಗೆ ಜನ ಕರೀತಾ ಇದಾನಾ?" ಎಂದು ಹೇಳಿ ಅತ್ತೆ ಹೋಗಿ ಕುರ್ಚಿಯಲ್ಲಿ ಕೂತರು. ಮಂಡಿ ನೀವಿಕೊಂಡರು. "ಇರ್ಲಿ ಬಿಡು ಅಳಿಯಪ್ಪ. ಹೊಸ ಮಂಡಿಗೆ ಬಹುಶಃ ಈ ನಿಧಾನದ ಹಾಡೇ ಸರಿಹೋಗುತ್ತೆ."

ಅವರು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬೈಗುಳವನ್ನು ಚೌಕಾಸಿ ಮಾಡಿ ಇಳಿಸಬಹುದು. ಇದನ್ನು ಇಳಿಸುವ ದಾರಿ ಕಾಣಲಿಲ್ಲ.

ಆಗ ಎಲಾದಿಯೊ ಗಂಟೆಯನ್ನು ನೆಲಕ್ಕಿಟ್ಟು, ಎದ್ದು ತಮ್ಮ ಮನೆಗೆ ಹೋದರು. ನಿಜವಾಗಿಯೂ ಉಣ್ಣಲು ಹೋದರೆಂದು ತಿಳಿದೆವು. ಬರುವಾಗ ಒಂದು ಕಂಕುಳಲ್ಲಿ ತಟ್ಟೆ ತಿರುಗಿಸುವ ಹಳೇ ಯಂತ್ರ, ಇನ್ನೊಂದರಲ್ಲಿ ಅಂಚು ಸವೆದ ರಟ್ಟಿನ ಲಕೋಟೆ. ಲಕೋಟೆಯ ಮೂಲೆಯಲ್ಲಿ ದೊಡ್ಡದಾಗಿ ಮಾವನ ಹೆಸರಿತ್ತು.

"ಅರ್ನುಲ್ಫೊ ಕೇಳೋಕೆ ಅಂತ ಕೊಟ್ಟಿದ್ರು" ಎಂದರು ಎಲಾದಿಯೊ, ಚಪ್ಪಲಿ ನೋಡುತ್ತ. "ವಾಪಸ್ ಕೇಳಿದಾಗೆಲ್ಲ, ನಾನು ಕೊಟ್ಟಾಯ್ತಲ್ಲ ಅಂದೆ. ಆಮೇಲೆ ಅವರು ಹೋಗ್ಬಿಟ್ರು. ಆಮೇಲೆ ಹೇಗೆ ಕೊಡೋದು ಗೊತ್ತಾಗ್ಲಿಲ್ಲ, ದೋನ್ಯಾ ಒತೀಲಿಯಾ."

"ನನಗೆ ಗೊತ್ತಿತ್ತು" ಎಂದರು ಅತ್ತೆ.

"ಗೊತ್ತಿತ್ತಾ?"

"ಪ್ರತಿ ಭಾನುವಾರ ನೀನು ಹಾಕಿದ್ರೆ ಗೋಡೆ ಆಚೆ ನನಗೆ ಕೇಳಿಸ್ತಿತ್ತಲ್ಲ. ನಾನು ಕೇಳಿ ವಾಪಸ್ ತಗೊಂಡಿದ್ರೆ ಮನೇಲಿ ಹಾಕೋಕೆ ಯಂತ್ರ ಎಲ್ಲಿತ್ತು? ನಮ್ದು ಆಗ್ಲೇ ಮಾರಿಯಾಗಿತ್ತು. ನಿನ್ನ ಹತ್ರ ಇದ್ರೇನೇ ನನಗೆ ಲಾಭ."

ವ್ಯಾಪಾರ ಎಂದರೆ ಇದು ಎಂದುಕೊಂಡೆ.

ಯಂತ್ರವನ್ನು ಮೇಜಿನ ಮೇಲಿಟ್ಟರು. ಮೇಜಿನ ಒಂದು ಕಾಲು ಮೋಟು, ಮುಳ್ಳು ಜಾರುತ್ತಿತ್ತು. ನೆಲ್ಸಿ ಅತ್ತಿತ್ತ ನೋಡಿ, ಸತ್ಯದ ಪೆಟ್ಟಿಗೆಯ ತಂತಿ ಕಿತ್ತು ಮೇಜಿನ ಕಾಲ ಕೆಳಗೆ ಇಟ್ಟಳು. ಅಳತೆಗೆ ಮಾಡಿಸಿದ ಹಾಗೆ ಕೂತಿತು. ಬ್ರಾವ್ಲಿಯೊ ಕಣ್ಣು ಮುಚ್ಚಿಕೊಂಡರು.

ಎಲಾದಿಯೊ ಗುಂಡಿಯನ್ನು ನಲವತ್ತೈದಕ್ಕೆ ತಿರುಗಿಸಿದರು. ಹುರಿದ ಸದ್ದು ಬಂತು, ಅದರ ಬೆನ್ನಿಗೆ ನನ್ನ ತೆಳ್ಳಗಿನ ಹುಡುಗಿ ಬಂದಳು. ಗಂಟೆ ಶುರುವಾಯಿತು. ಅತ್ತೆ ಎದ್ದು ಸೀದಾ ನನ್ನ ಮುಂದೆ ಬಂದು ಕೈ ಚಾಚಿದರು.

"ಬಾ. ಸಿ.ಡಿ. ಕತ್ತರಿಗೆ ಕೊಟ್ಟವನೇ ಅರ್ನುಲ್ಫೊ ಜಾಗದಲ್ಲಿ ಕುಣೀಬೇಕು. ಕೊನೇವರೆಗೂ."

"ಕೊನೇವರೆಗೂ" ಎಂದು ಮಾತು ಕೊಟ್ಟೆ. ಎಂಬತ್ತರ ಮುದುಕಿ, ಸವೆದ ಮಂಡಿ, ಒಂದು ಹಾಡು. ನೋಡಿದರೆ ಸಲೀಸಾದ ವ್ಯವಹಾರ.

ಮೊದಲ ಸುತ್ತಿನಲ್ಲಿ ನನ್ನ ಕನ್ನಡಕ ಹೋಯಿತು. ಎರಡನೆಯದರಲ್ಲಿ ನನ್ನ ಕಾಲು ಯಾವುದು, ಅವರದು ಯಾವುದು ಎಂಬುದು ಹೋಯಿತು. ಸಿ.ಡಿ.ಯಲ್ಲಿ ಗೀರು ಇದ್ದ ಜಾಗ ಬಂತು. ತಟ್ಟೆಯಲ್ಲಿ ಗೀರಿಲ್ಲ, ರಾಗ ನೆಗೆಯಲಿಲ್ಲ. ಆದರೂ ಮನೆಯವರೆಲ್ಲ ಒಟ್ಟಿಗೆ ಚಂಗನೆ ನೆಗೆದರು. ಶುದ್ಧ ಸಂಗೀತ ಕೇಳಿ ಕೆಟ್ಟಿದ್ದ ನಾನೊಬ್ಬ ನೆಲದ ಮೇಲೆ ಉಳಿದೆ. ಎಲ್ಲರೂ ಇಳಿದದ್ದು ನನ್ನ ಪಾದದ ಮೇಲೆ. ನಾನು ಕುಂಟುತ್ತ ಹೋಗಿ ಅತ್ತೆಯ ಕುರ್ಚಿಯಲ್ಲಿ ಬಿದ್ದೆ. ಅಲ್ಲಿಂದಲೇ ಉಳಿದದ್ದನ್ನು ನೋಡಿದೆ. ಅವರು ಒಬ್ಬರೇ, ಕೆಂಪು ಉಡುಪಿನಲ್ಲಿ, ಹಳೇ ಮಂಡಿಯಲ್ಲಿ, ಮುಳ್ಳು ಏಳುವವರೆಗೆ ಕುಣಿದರು.

"ಬೀರು ಸಾಗಿಸಿದ ಹಾಗೇ ಇತ್ತು" ಎಂದಳು ನೆಲ್ಸಿ, ನನ್ನ ಪಾದಕ್ಕೆ ಮಂಜುಗಡ್ಡೆ ಕಟ್ಟುತ್ತ. "ಅದೂ ಅರ್ಧ ದಾರಿಯಲ್ಲೇ ಇಳಿಸಿಬಿಟ್ಟೆ."

ಮಂಡಿಯ ಕೆಲಸ ಚೆನ್ನಾಗಿ ಆಯಿತು. ಪ್ರಜ್ಞೆ ಬಂದ ಮೇಲೆ ಅತ್ತೆ ಡಾಕ್ಟರನ್ನು ಕೇಳಿದ ಮೊದಲ ಮಾತು, "ಇದು ನಲವತ್ತೈದಕ್ಕೆ ಹೋಗುತ್ತಾ?" ಡಾಕ್ಟರು ಆಮೇಲೆ ನೋಡೋಣ ಎಂದರು. ಅತ್ತೆ ನನ್ನ ಕಡೆ ತಿರುಗಿ, ನೋಡೋಣ, ಎಂದರು.

ಈಗ ದಿನಾ ಬೆಳಿಗ್ಗೆ ಅವರು ಅಂಗಳದಲ್ಲಿ ಗೋಡೆ ಹಿಡಿದು ನಡೆಯುತ್ತಾರೆ. ನಾನು ಅಂಗಡಿಯ ಬಾಗಿಲು ಹಾಕಿಕೊಂಡು, ಥಾನುಗಳ ನಡುವೆ, ನೆಗೆಯುವುದನ್ನು ಕಲಿಯುತ್ತಿದ್ದೇನೆ. ದೋನ್ಯಾ ಒತೀಲಿಯಾ ಅವರಿಗೆ ನಾನು ಅರ್ಧ ಹಾಡಿನ ಕುಣಿತ ಬಾಕಿ ಉಳಿಸಿಕೊಂಡಿದ್ದೇನೆ.