ಹಡಗಿಗೆ ಹೊರಟ ಹತ್ತು ಫೋಟೋಗಳು

"ಇನ್ನು ಎರಡೇ ತಿಂಗಳು. ಆಮೇಲೆ ನಿನ್ನ ಗಂಡನನ್ನ ನೋಡಬೇಕು ಅಂದ್ರೆ ನೀನು ಸಮುದ್ರಕ್ಕೇ ಬರಬೇಕು!"

ಇಪ್ಪತ್ತಾರು ವರ್ಷಗಳ ಹಿಂದೆ, ಒಂದು ಬೆಳಿಗ್ಗೆ, ನಾನು ಹೀಗೆ ಎದೆಯುಬ್ಬಿಸಿ ಘೋಷಿಸಿದಾಗ ನನ್ನ ಹೆಂಡತಿ ನಮ್ಮ ಸ್ಟುಡಿಯೋದ ಗಾಜು ಒರೆಸುತ್ತಿದ್ದಳು. ಒರೆಸುವ ಕೈ ನಿಲ್ಲಲಿಲ್ಲ.

"ಹೋಗೋ ಮುಂಚೆ ಆ ಹಿಂದಿನ ಕೋಣೆ ಬಲ್ಬು ಬದಲಾಯಿಸಿ ಹೋಗಿ" ಎಂದಳು.

ನಾನು ಪತ್ರಿಕೆಯನ್ನು ಅವಳ ಮೂಗಿನ ಮುಂದೆ ಹಿಡಿದೆ. ದೊಡ್ಡ ಪ್ರವಾಸಿ ಹಡಗೊಂದಕ್ಕೆ ಫೋಟೋಗ್ರಾಫರ್ ಬೇಕಾಗಿದ್ದರು. ಸಾಮಾನು ಹೊರುವ ಹಡಗಲ್ಲ ಮತ್ತೆ! ಈಜುಕೊಳ, ನಾಟಕಶಾಲೆ, ಅಂತಸ್ತಿನ ಮೇಲೆ ಅಂತಸ್ತು ಇರುವ ತೇಲುವ ಊರು. ಅಲ್ಲಿ ಪ್ರಯಾಣಿಕರು ದಿನವಿಡೀ ನಗುತ್ತಾ ಓಡಾಡುತ್ತಾರಂತೆ, ಫೋಟೋಗ್ರಾಫರ್ ಆದವನು ಆ ನಗುವನ್ನು ಹಿಡಿಯಬೇಕಂತೆ. ಹತ್ತು ತಿಂಗಳ ಕರಾರು. ಅರ್ಜಿಯ ಜೊತೆಗೆ ಸ್ವಂತ ಕೈಯಿಂದ ತೆಗೆದ, ಸಂತೋಷವಾಗಿರುವ ಜನರ ಹತ್ತು ಫೋಟೋ ಕಳಿಸಬೇಕು.

ಇಷ್ಟುದ್ದದ ಜಾಹೀರಾತಿನಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಒಂದೇ ಮಾತು.

"ಹತ್ತು ತಿಂಗಳಾ?"

"ಹತ್ತು ಏನು ಮಹಾ? ನೋಡ್ತಾ ನೋಡ್ತಾ ಕಳೆದುಹೋಗುತ್ತೆ."

ಅವಳು ಸ್ಟೂಲು ಎಳೆದುಕೊಂಡು ಹೋಗಿ ಆ ಬಲ್ಬನ್ನು ತಾನೇ ಬದಲಾಯಿಸಿದಳು. ಅವಳಿಗೆ ನನ್ನ ಮೇಲೆ ಅಪಾರ ಹೆಮ್ಮೆಯಾಗಿ ಮಾತೇ ಹೊರಡಲಿಲ್ಲ ಎಂದುಕೊಂಡೆ. ಗಂಡಸರು ಹೀಗೇ ಏನೇನೋ ಅಂದುಕೊಳ್ಳುತ್ತಾರೆ.

ನಾನೇಕೆ ಹಾಗೆ ಹಾರಾಡಿದೆ ಎಂದು ಹೇಳಿಬಿಡುತ್ತೇನೆ. ನಮ್ಮ ಸ್ಟುಡಿಯೋ ಇದ್ದದ್ದು ಪಾಸ್‌ಪೋರ್ಟ್ ಕಚೇರಿಯ ಎದುರಿಗೆ. ಹದಿನಾಲ್ಕು ವರ್ಷ ನಾನು ಕಂಡದ್ದು ಕತ್ತಿನಿಂದ ಮೇಲಿನ ಮನುಷ್ಯರನ್ನು ಮಾತ್ರ. ಕಚೇರಿಯವರ ನಿಯಮ ಬಹಳ ಬಿಗಿ. ಎರಡೂ ಕಿವಿ ಕಾಣಬೇಕು, ಬಾಯಿ ಮುಚ್ಚಿರಬೇಕು, ನಗು ಸುತರಾಂ ಕೂಡದು. "ಗದ್ದ ಸ್ವಲ್ಪ ಕೆಳಗೆ, ಕಿವಿ ಕಾಣಲಿ, ನಗಬೇಡಿ, ಉಸಿರು ಹಿಡೀರಿ" ಎಂಬ ಮಂತ್ರವನ್ನು ದಿನಕ್ಕೆ ನಲವತ್ತು ಸಲ ಜಪಿಸುತ್ತಿದ್ದೆ. ನನ್ನ ಕೈಯಲ್ಲಿ ಫೋಟೋ ತೆಗೆಸಿಕೊಂಡವರೆಲ್ಲ ದೇಶದೇಶ ಸುತ್ತುತ್ತಿದ್ದರು. ನಾನು ಮಾತ್ರ ಅದೇ ಸ್ಟೂಲಿನ ಎದುರು ನಿಂತೇ ಇದ್ದೆ. ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ?

ಕ್ಯಾಮೆರಾ ಹೆಗಲಿಗೇರಿಸಿ ಬೀದಿಗಿಳಿದೆ. ಮೊದಲು ಹೋದದ್ದು ಪಕ್ಕದ ಕ್ಷೌರಿಕನ ಅಂಗಡಿಗೆ. ಅವನು ನಕ್ಕರೆ ಮೂರು ಅಂಗಡಿಯಾಚೆ ಕೇಳಿಸುತ್ತಿತ್ತು. ನಾನು ಕ್ಯಾಮೆರಾ ಎತ್ತಿದ್ದೇ ತಡ, ಗದ್ದ ತಾನಾಗಿ ಕೆಳಗಿಳಿಯಿತು, ಭುಜ ಸೆಟೆಯಿತು, ನಗು ಮಾಯವಾಯಿತು.

"ನಗು ಮಾರಾಯ" ಎಂದೆ.

ಅವನು ತುಟಿ ಅಲ್ಲಾಡಿಸದೆ ಕೇಳಿದ: "ಎರಡೂ ಕಿವಿ ಕಾಣ್ತಾ ಇದೆಯಾ?"

ಹೂವಿನಂಗಡಿಯವಳೂ ಹಾಗೆಯೇ, ಟಪಾಲಿನವನೂ ಹಾಗೆಯೇ. ಎದುರು ಮನೆಗೆ ಹೊಸದಾಗಿ ಮದುವೆಯಾಗಿ ಬಂದ ಜೋಡಿ ಕೈ ಕೈ ಹಿಡಿದು ನಡೆಯುತ್ತಿದ್ದವರು, ನನ್ನನ್ನು ಕಂಡದ್ದೇ ಕೈ ಬಿಟ್ಟು ಉಸಿರು ಹಿಡಿದು ನಿಂತರು. ಊರಿನಲ್ಲಿ ಒಂದು ಸಲವಾದರೂ ನನ್ನ ಸ್ಟೂಲಿನ ಮೇಲೆ ಕೂರದವರೇ ಇರಲಿಲ್ಲ; ಕೂತವರೆಲ್ಲ ಪಾಠ ಚೆನ್ನಾಗಿ ಕಲಿತಿದ್ದರು. ವಾರದಲ್ಲಿ ಒಂಬತ್ತು ಫೋಟೋ ಆದವು. ನನ್ನ ಕಣ್ಣಿಗೆ ಒಂಬತ್ತರಲ್ಲೂ ಸಂತೋಷ ತುಂಬಿ ತುಳುಕುತ್ತಿತ್ತು. ಕಿವಿಗಳಂತೂ ಒಂದಕ್ಕಿಂತ ಒಂದು ಸ್ಪಷ್ಟ!

ಹತ್ತನೆಯದು ಭರ್ಜರಿಯಾಗಿರಬೇಕು ಎಂದು ತೀರ್ಮಾನಿಸಿ ಭಾನುವಾರ ನಮ್ಮ ಮನೆಯ ತಾರಸಿಯನ್ನೇ ಹಡಗು ಮಾಡಿದೆ. ಬಟ್ಟೆ ಒಣಗಿಸುವ ಹಗ್ಗಕ್ಕೆ ನೀಲಿ ಹೊದಿಕೆ ಕಟ್ಟಿದೆ, ಅದು ಸಮುದ್ರ. ಕೆಳಗಿನ ಮನೆಯ ಬ್ಯಾಂಡ್ ಮಾಸ್ತರರ ಬಿಳಿ ಕೋಟು, ಟೊಪ್ಪಿ ಕೇಳಿ ತಂದು ಹಾಕಿಕೊಂಡೆ, ನಾನು ಕ್ಯಾಪ್ಟನ್. ಕಪ್ಪು ಕನ್ನಡಕ ಹಾಕಿಸಿ ಅತ್ತೆಯನ್ನು ಆರಾಮಕುರ್ಚಿಯಲ್ಲಿ ಕೂರಿಸಿದೆ. ಹೆಂಡತಿ ಅವರ ಹಿಂದೆ, ಒಂಬತ್ತು ವರ್ಷದ ಮಗಳು ಪಕ್ಕದಲ್ಲಿ. ಅಂಚಿನಲ್ಲಿ ಒಗೆಯುವ ಬಟ್ಟೆ ನೆನೆಹಾಕಿದ ಸೋಪಿನ ನೀರಿನ ಟಬ್ಬು ಇತ್ತು. "ಅದನ್ನ ಸರಿಸಿ" ಎಂದು ಹೆಂಡತಿ ಎರಡು ಸಲ ಹೇಳಿದಳು. ಕ್ಯಾಪ್ಟನ್‌ಗೆ ಟಬ್ಬು ಎತ್ತುವ ಕೆಲಸವೇ?

ಅತ್ತೆ ನನ್ನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಮದುವೆಯಾದಾಗಿನಿಂದ ನಮ್ಮ ಮಾತೆಲ್ಲ ಅವರ ಮಗಳ ಮೂಲಕವೇ.

"ಅಳಿಯಂದಿರಿಗೆ ಹೇಳೇ, ಬಿಸಿಲಲ್ಲಿ ನಾನು ಒಣಗಿಹೋಗ್ತಾ ಇದ್ದೀನಿ ಅಂತ."

"ಅತ್ತೆಗೆ ಹೇಳು, ಹಡಗಲ್ಲಿ ಈ ಬಿಸಿಲಿಗೇ ಜನ ದುಡ್ಡು ಕೊಟ್ಟು ಕೂರ್ತಾರೆ ಅಂತ."

"ಹಾಗಾದ್ರೆ ನನ್ನ ದುಡ್ಡು ವಾಪಸ್ ಕೊಟ್ಟು ನೆರಳಿಗೆ ಬಿಡೋಕೆ ಹೇಳು."

ಮಗಳು ಕೈ ಎತ್ತಿದಳು. "ಅಪ್ಪ, ನಗಬೇಕಾ, ನಗಬಾರದಾ?"

"ನಗಬೇಕು ಪುಟ್ಟಿ."

"ನಿಜವಾಗ್ಲೂ?"

ಹೆಂಡತಿ ನಿಟ್ಟುಸಿರುಬಿಟ್ಟಳು. "ಅದು ಹುಟ್ಟಿದಾಗಿನಿಂದ ಕ್ಯಾಮೆರಾ ಹಿಡಿದು ನಗಬೇಡ ಅಂದವರು ನೀವು. ಈಗ ಬಾ ಅಂದ ತಕ್ಷಣ ನಗು ಎಲ್ಲಿಂದ ಬರಬೇಕು?"

ಮೂವರೂ ಗದ್ದ ಇಳಿಸಿ, ಕಿವಿ ಕಾಣಿಸಿ, ಕಲ್ಲಿನಂತೆ ಕೂತರು. ರೀಲಿನಲ್ಲಿ ಉಳಿದಿದ್ದದ್ದು ಒಂದೇ ಫ್ರೇಮು. ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾಕ್ಕೆ ಹತ್ತು ಸೆಕೆಂಡಿನ ಟೈಮರ್ ಒತ್ತಿ, ಪ್ರಯಾಣಿಕರ ಪಕ್ಕ ಗತ್ತಿನಿಂದ ನಿಲ್ಲಲು ಓಡಿದೆ. ಸೋಪಿನ ನೀರು ಚೆಲ್ಲಿದ ಕಡೆ ಕಾಲಿಟ್ಟೆ. ಕಾಲು ಮುಂದಕ್ಕೆ ಹೋಯಿತು, ನಾನು ಹಿಂದಕ್ಕೆ ಹೋದೆ, ಟೊಪ್ಪಿ ಮೇಲಕ್ಕೆ ಹೋಯಿತು. ಟಬ್ಬು ಹೇಳಿ ಮಾಡಿಸಿದ ಹಾಗೆ ನನ್ನನ್ನು ತುಂಬಿಕೊಂಡಿತು. ಬಂದರು ಬಿಡುವ ಮೊದಲೇ ಕ್ಯಾಪ್ಟನ್ ಮುಳುಗಿದ! ಮೂವರ ನಗು ಸಿಡಿಯುವುದಕ್ಕೂ ಕ್ಯಾಮೆರಾ ಕ್ಲಿಕ್ ಎನ್ನುವುದಕ್ಕೂ ಸರಿಹೋಯಿತು.

ಆ ನಗು ಇದೆಯಲ್ಲ, ಅದನ್ನು ಈಗಲೂ ಕೇಳುತ್ತಿದ್ದೇನೆ. ಮಗಳು ನೆಲಕ್ಕೆ ಬಿದ್ದು ಹೊರಳಾಡಿದಳು. ಹೆಂಡತಿ ಕುರ್ಚಿ ಹಿಡಿದುಕೊಂಡು ಬಗ್ಗಿಬಿಟ್ಟಳು. ಮುಂದಿನ ಎರಡು ಹಲ್ಲು ಹೋದಾಗಿನಿಂದ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕವರೇ ಅಲ್ಲದ ಅತ್ತೆ, ಎರಡೂ ಕೈಯಿಂದ ತೊಡೆ ತಟ್ಟಿಕೊಂಡು ಬಾಯಿ ತುಂಬ ನಕ್ಕರು. ಅಷ್ಟೇ ಅಲ್ಲ, ಮೊಟ್ಟಮೊದಲ ಬಾರಿಗೆ ನನ್ನನ್ನೇ ನೋಡಿ ಮಾತಾಡಿದರು.

"ಅಳಿಯಂದಿರೇ, ಇನ್ನೊಂದ್ಸಲ ಬೀಳ್ತೀರಾ?"

ನನಗೆ ಅವಮಾನದಿಂದ ಮೈ ಉರಿಯಿತು. ಸಂಜೆ ಫೋಟೋ ತೊಳೆದು ನೋಡಿದರೆ, ನಡುವೆ ಬಾಯಿ ತುಂಬ ನಗುವ ಮೂವರು, ಮೂಲೆಯಲ್ಲಿ ಟಬ್ಬಿನಿಂದ ಮೇಲೆದ್ದ ನನ್ನ ಎರಡು ಕಾಲು, ಆಕಾಶದಲ್ಲಿ ಟೊಪ್ಪಿ! ಅದನ್ನು ಕಸದ ಬುಟ್ಟಿಗೆ ಎಸೆದು, ಹತ್ತನೆಯದಾಗಿ ಶಾಲೆಯ ಹೆಡ್ ಮಾಸ್ತರರ ಹಳೆಯ ಫೋಟೋ ಒಂದನ್ನು ಲಕೋಟೆಗೆ ಸೇರಿಸಿದೆ. ಅಂಟಿಸಿ ಟಪಾಲಿಗೆ ಹಾಕು ಎಂದು ಹೆಂಡತಿಯ ಕೈಗೆ ಕೊಟ್ಟೆ.

ಆರು ವಾರಕ್ಕೆ ಸಂದರ್ಶನಕ್ಕೆ ಕರೆ ಬಂತು. ಹೊರಡುವ ದಿನ ಹೆಂಡತಿ ನನ್ನ ಅಂಗಿಯ ಒಂದೇ ಕಾಲರನ್ನು ನಾಲ್ಕು ಸಲ ಇಸ್ತ್ರಿ ಮಾಡಿದಳು. ಏನಾಯಿತೆಂದು ಕೇಳಿದರೆ ಹೊಗೆ ಕಣ್ಣಿಗೆ ಹೋಯಿತು ಎಂದಳು. ಅದು ಕರೆಂಟಿನ ಇಸ್ತ್ರಿಪೆಟ್ಟಿಗೆ.

ಹಡಗಿನ ಕಂಪನಿಯ ಅಧಿಕಾರಿ ಒಬ್ಬ ಹೆಂಗಸು. ಮೇಜಿನ ಮೇಲೆ ನನ್ನ ಫೋಟೋಗಳನ್ನು ಸಾಲಾಗಿ ಹರಡಿದರು.

"ಈ ಒಂಬತ್ತರಲ್ಲಿ ಇರೋರೆಲ್ಲ ಯಾವ ಕೇಸಲ್ಲಿ ಸಿಕ್ಕಿಬಿದ್ರು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹತ್ತನೆಯದನ್ನು ಮುಂದಿಟ್ಟರು. ನೋಡಿದರೆ ನನ್ನ ಕಾಲು! ಹೆಡ್ ಮಾಸ್ತರರು ನಾಪತ್ತೆ. ಅವಸರದಲ್ಲಿ ನಾನೇ ಅದಲುಬದಲು ಮಾಡಿರಬೇಕು ಎಂದುಕೊಂಡು ಬೆವರಿದೆ.

"ಇದನ್ನ ತೆಗೆದವರು ಯಾರು?"

"ಕ್ಯಾಮೆರಾ ನಂದು ಮೇಡಂ" ಎಂದೆ. "ಕಾಲೂ ನಂದೇ."

ಅವರು ಜೋರಾಗಿ ನಕ್ಕರು. "ನಾನು ನಿಮ್ಮನ್ನ ಕರೆಸಿದ್ದೇ ಇದೊಂದಕ್ಕೆ. ನಮ್ಮ ಪ್ರಯಾಣಿಕರು ಹೀಗೆ ನಗಬೇಕು. ಎಲ್ಲಿ, ಈಗ ನನ್ನದೊಂದು ತೆಗೀರಿ ನೋಡೋಣ. ಹೀಗೆ ನಗಿಸಿ ತೆಗೆದರೆ ಮುಂದಿನ ತಿಂಗಳೇ ಹಡಗು ಹತ್ತಿ."

ನನ್ನ ಇಡೀ ಬಾಳು ಆ ಒಂದು ಕ್ಲಿಕ್ಕಿನಲ್ಲಿತ್ತು. ಹೆಂಗಸು ಇನ್ನೂ ನಗುತ್ತಲೇ ಇದ್ದರು, ನಾನು ಗುಂಡಿ ಒತ್ತಿದ್ದರೆ ಸಾಕಿತ್ತು. ಕ್ಯಾಮೆರಾ ಕಣ್ಣಿಗೆ ಹಿಡಿದೆ. ಹದಿನಾಲ್ಕು ವರ್ಷದ ನಾಲಗೆ ಸುಮ್ಮನಿದ್ದೀತೇ?

"ಗದ್ದ ಸ್ವಲ್ಪ ಕೆಳಗೆ. ಕಿವಿ ಕಾಣಲಿ. ನಗಬೇಡಿ. ಉಸಿರು ಹಿಡೀರಿ."

ಹಿಡಿದೇಬಿಟ್ಟರು. ನಾನು ಕ್ಲಿಕ್ಕಿಸಿ ಕ್ಯಾಮೆರಾ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ಆಮೇಲೆ ಮೆಲ್ಲನೆ ಉಸಿರು ಬಿಟ್ಟು, "ಹಡಗಿಗೆ ನೀವು ಆಗಲ್ಲ" ಎಂದರು. "ಆದ್ರೆ ನನ್ನ ಪಾಸ್‌ಪೋರ್ಟ್ ಅವಧಿ ಮುಗೀತಾ ಬಂದಿದೆ. ಇದರದ್ದು ಎಂಟು ಕಾಪಿ ಕಳಿಸ್ತೀರಾ?"

ಈಗ ಅತ್ತೆ ಇಲ್ಲ. ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಯಿತು. ಪಾಸ್‌ಪೋರ್ಟ್ ಕಚೇರಿಯವರು ಫೋಟೋವನ್ನು ತಾವೇ ತೆಗೆದುಕೊಳ್ಳುತ್ತಾರೆ. ಮಗಳಿಗೇ ಮಗಳಿದ್ದಾಳೆ. ಹಡಗಿನವರಿಂದ ವಾಪಸ್ ತಂದ, ನನ್ನ ಕಾಲಿರುವ ಆ ಫೋಟೋ ಮಾತ್ರ ನಡುಮನೆಯಲ್ಲಿದೆ, ಅತ್ತೆ ಬಾಯಿ ತುಂಬ ನಕ್ಕ ಫೋಟೋ ಅಂತ ಇರುವುದು ಅದೊಂದೇ. ಅದರ ಮುಂದೆ ನಿಂತಾಗಲೆಲ್ಲ ಆ ತಾರಸಿ, ಆ ಬಿಸಿಲು ಕಣ್ಣ ಮುಂದೆ ಬರುತ್ತದೆ.

ಜೊತೆಗೆ ಊರಿಗೆ ಮರಳಿದ ಮಾರನೆಯ ದಿನವೂ ನೆನಪಾಗುತ್ತದೆ. ಆ ಅಧಿಕಾರಿಯ ಎಂಟು ಮುಖಗಳನ್ನು ಹೆಂಡತಿ ಒಂದೊಂದಾಗಿ ಕತ್ತರಿಸುತ್ತಿದ್ದಳು. ನಾನು ಪಕ್ಕದಲ್ಲಿ ಮುಖ ಇಳಿಬಿಟ್ಟು ಕೂತಿದ್ದೆ. ಅವಳು ಕತ್ತರಿ ಕೆಳಗಿಟ್ಟಳು.

"ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬಾರದು. ಆ ಹತ್ತನೇ ಫೋಟೋ ಹಾಕಿದ್ದು ನಾನು. ಹೆಡ್ ಮಾಸ್ತರರನ್ನ ತೆಗೆದು, ಬುಟ್ಟಿಯಿಂದ ಅದನ್ನ ಎತ್ತಿ ಹಾಕಿದೆ."

"ಯಾಕೆ?"

"ಟಬ್ಬಲ್ಲಿ ಬಿದ್ದೋರನ್ನ ಹಡಗಿಗೆ ಯಾರು ಕರೀತಾರೆ ಅಂತ." ಅವಳ ಕಣ್ಣು ತುಂಬಿತು. "ಹತ್ತು ತಿಂಗಳು ನೀವಿಲ್ಲದೆ ಇರೋದು ನನ್ನ ಕೈಲಿ ಆಗ್ತಿರಲಿಲ್ಲ ರೀ."

ಆ ಅಧಿಕಾರಿ ಮೆಚ್ಚಿ ಕರೆಸಿದ್ದು ಅದೊಂದೇ ಫೋಟೋ ನೋಡಿ, ಅದರಿಂದ ನಾನು ಹಡಗು ಹತ್ತುವುದರಲ್ಲಿದ್ದೆ ಎಂದು ಹೇಳಿದೆ. ಅವಳ ಮುಖ ಬಿಳಿಚಿತು. ತಾನು ಎಂಥ ಗಂಡಾಂತರ ತಂದುಕೊಳ್ಳುತ್ತಿದ್ದೆ ಎಂದು ಎದೆ ಮುಟ್ಟಿಕೊಂಡಳು. ಆಮೇಲೆ ಕತ್ತರಿ ಮತ್ತೆ ಕೈಗೆತ್ತಿಕೊಂಡು ಹೇಳಿದಳು:

"ನನಗೇ ಬುದ್ಧಿ ಇರಲಿಲ್ಲ. ನಾನು ಕೈ ಹಾಕದೆ ಸುಮ್ಮನಿದ್ದಿದ್ರೆ ಆಗಿತ್ತು. ನೀವು ತೆಗೆದವೇ ಸಾಕಾಗಿತ್ತು."