ಮಗಳ ಡಬ್ಬಿ, ಅಪ್ಪನ ಮಾನ

ನಮ್ಮೂರಿನ ಒಂದೇ ಒಂದು ಮಗುವಿನ ಹೊಟ್ಟೆಯಲ್ಲೂ ಹುಳ ಇರಕೂಡದು ಎಂದು ನಾನು ಶಪಥ ಮಾಡಿದ್ದೆ! ಊರ ಆರೋಗ್ಯ ಸ್ವಯಂಸೇವಕ ಎಂದರೆ ಸುಮ್ಮನೆಯೇ? "ಚಪ್ಪಲಿ ಹಾಕಿ! ಕೈ ತೊಳೆಯಿರಿ! ಮೂನ್ ನದಿಯ ಮೀನನ್ನು ಹಸಿಯಾಗಿ ತಿನ್ನಬೇಡಿ!" ಎಂದು ದಿನಾ ಬೆಳಿಗ್ಗೆ ಊರ ಮೈಕಿನಲ್ಲಿ ಕಿರುಚಿ ಗಂಟಲು ಕೂತುಹೋಗಿತ್ತು. ನಾನೂ ತಿನ್ನುವುದಿಲ್ಲವೆಂದು, ಮದುವೆಯಲ್ಲಿ ಹಿರಿಯರು ಮಣಿಕಟ್ಟಿಗೆ ದಾರ ಕಟ್ಟುವಾಗಲೇ ಹೆಂಡತಿ ಬುವಾಲೈಗೆ ಮಾತು ಕೊಟ್ಟವನು!

ಪರೀಕ್ಷೆಗೆ ಮಲದ ಡಬ್ಬಿ ಕೊಡುವ ದಿನ ಬಂತು. ಊರಿನ ಮಕ್ಕಳೆಲ್ಲ ಕೊಟ್ಟರು. ಕೊಡದವಳು ನನ್ನ ಆರು ವರ್ಷದ ಮಗಳು ಮಲಿ ಒಬ್ಬಳೇ!

"ಸ್ವಲ್ಪ ತಿಣುಕಮ್ಮಾ, ನರ್ಸ್ ಬರೋ ಹೊತ್ತಾಯ್ತು!"

"ತಿಣುಕಿದೆ, ಬರ್ತಿಲ್ಲ. ಬೇಕಾದ್ರೆ ನೀನೇ ಕೊಡಪ್ಪಾ!"

ಆಹಾ, ಎಂಥ ಬುದ್ಧಿವಂತ ಮಗು! ಐದೇ ನಿಮಿಷದಲ್ಲಿ ಡಬ್ಬಿ ತುಂಬಿತು. ಮೇಲೆ ಮಗಳ ಹೆಸರನ್ನು ದುಂಡಗೆ ಬರೆದು ಕೊಟ್ಟೆ.

ವಾರದ ನಂತರ ನರ್ಸ್ ವಿಪಾ ಮನೆಗೇ ಬಂದಳು. ಬುವಾಲೈ ಒರಳಿನಲ್ಲಿ ಪಪ್ಪಾಯಿ ಕುಟ್ಟುತ್ತಿದ್ದಳು.

"ಊರಿನ ಮಕ್ಕಳೆಲ್ಲ ಚೆನ್ನಾಗಿದ್ದಾರೆ. ಮಲಿಗೆ ಮಾತ್ರ ಲಿವರ್ ಹುಳ. ಹಸಿ ಮೀನು ತಿಂದ್ರೇನೇ ಬರೋದು."

"ಹಸಿ ಮೀನಾ? ನಮ್ಮನೆ ಒಳಗೇ ಬರಲ್ಲ!" ಬುವಾಲೈ ಕುಟ್ಟುತ್ತಲೇ ಅಂದಳು.

"ಹುಳದ ಮೊಟ್ಟೆ ಲೆಕ್ಕ ನೋಡಿದ್ರೆ ಹತ್ತು ವರ್ಷದಿಂದ ತಿಂತಿರೋ ಹಾಗಿದೆ."

ಕುಟ್ಟುವ ಸದ್ದು ನಿಂತಿತು. "ಇವಳಿಗೆ ಆರು ವರ್ಷ," ಎಂದಳು ಬುವಾಲೈ.

"ಯಂತ್ರ ಕೆಟ್ಟಿರಬೇಕು!" ಎಂದೆ.

ವಿಪಾ ಚೀಲದಿಂದ ಕಹಿ ಮಾತ್ರೆ ತೆಗೆದಳು. ಮಲಿ ಅಳುತ್ತಾ ಬಾಯಿ ತೆರೆದಳು. ನಾನು ಮಾತ್ರೆಗೆ ಕೈ ಅಡ್ಡ ಹಿಡಿದೆ.

"ಕೊಡಬೇಡಿ! ಆ ಡಬ್ಬಿ ನನ್ನದು!"

ಬುವಾಲೈ ಒನಕೆ ಹಿಡಿದೇ ಎದ್ದಳು. "ಮಾತು ಕೊಟ್ಟಿದ್ರಲ್ರೀ?"

"ನಿಂಬೆಹಣ್ಣು ಹಿಂಡ್ಕೊಂಡೇ ತಿಂದೆ ಕಣೇ! ಹುಳ ಸಾಯ್ಲಿ ಅಂತ ಮೇಲೆ ಎರಡು ಲೋಟ ಅಕ್ಕಿ ಸಾರಾಯಿನೂ..."

"ಸಾರಾಯಿನೂ?!"

ಒಂದು ತಪ್ಪು ಮುಚ್ಚಲು ಹೋಗಿ ಇನ್ನೊಂದನ್ನು ನಾನೇ ಬಿಚ್ಚಿಟ್ಟಿದ್ದೆ.

ಮಲಿಯ ನಿಜವಾದ ಡಬ್ಬಿ ಮರುದಿನ ಹೋಯಿತು. ಅದರಲ್ಲಿ ಒಂದು ಹುಳವೂ ಇರಲಿಲ್ಲ. ನನ್ನ ಶಪಥ ಗೆದ್ದಿತ್ತು! ಆ ಸುದ್ದಿ ಸಾರಲು ಹೊರಟವನನ್ನು ಬುವಾಲೈ ಜಗಲಿಯಲ್ಲೇ ಕೂರಿಸಿ, ಕೈಗೆ ಮಾತ್ರೆ ಕೊಟ್ಟು, ತಾನೇ ಮೈಕಿನ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಊರಿಡೀ ಅವಳ ದನಿ ಮೊಳಗಿತು:

"ಮಕ್ಕಳೇ, ಹಸಿ ಮೀನು ತಿಂದ್ರೆ ಏನಾಗುತ್ತೆ ಅಂತ ಕೇಳ್ತಿದ್ರಲ್ಲ? ನಮ್ಮನೆ ಜಗಲಿ ಮೇಲೆ ಕೂರಿಸಿದ್ದೀನಿ. ಬಂದು ನೋಡ್ಕೊಂಡು ಹೋಗಿ!"