ಅತ್ತೆಯ ತಲೆಗೆ ನಾಲ್ಕು ಬಾಟಲಿ

ಡಿಸೈನರ್ ಆ ಬಿಯರ್ ಕಂಪನಿಯ ಒಡತಿಯನ್ನು ಮೊದಲು ಕಂಡದ್ದು ಒಂದು ತಗಡಿನ ಶೆಡ್ಡಿನಲ್ಲಿ. ನೆನೆದ ಧಾನ್ಯದ ಹುಳಿವಾಸನೆ, ಆಳೆತ್ತರದ ಮೂರು ಸ್ಟೀಲ್ ಡ್ರಮ್ಮು, ನೆಲದ ತುಂಬ ನೀರು. ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿದ್ದ ಆಕೆ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಮುಂದೆ ಚಾಚಿದಳು.

"ನಾವು ತಯಾರಿಸೋದು ಸ್ವಲ್ಪ. ಆದ್ರೆ ಅಂಗಡೀಲಿ ನೂರು ಬಿಯರ್ ಸಾಲಾಗಿ ನಿಂತಿದ್ರೂ ನಮ್ಮದು ಬೇರೆ ಕಾಣ್ಬೇಕು. ಆಗುತ್ತಾ?"

"ಆಗುತ್ತಾ ಅಂತೀರಾ ಮೇಡಂ! ಬಿಯರ್ ಅಂತ ಒಬ್ಬರೂ ಹೇಳಬಾರದು, ಹಾಗೆ ಮಾಡ್ತೀನಿ!"

ಆ ಆವೇಶದಲ್ಲೇ ಇದ್ದ ನೌಕರಿಗೆ ದೊಡ್ಡ ನಮಸ್ಕಾರ ಹಾಕಿಬಿಟ್ಟ. ಇನ್ನು ಒಂದು ವರ್ಷದ ಪ್ಯಾಕೇಜಿಂಗ್ ಕೆಲಸ ಸಿಗುವುದು ಬಿಡುವುದು ಆಕೆಯ ಬಾಟಲಿಗೆ ಅವನು ಮಾಡಿಕೊಡುವ ಈ ಒಂದೇ ಲೇಬಲ್ಲಿನ ಮೇಲಿತ್ತು.

ಮೂರು ವಾರ ಘೋರ ತಪಸ್ಸು! ಎಳೆ ಹಸಿರು ಹಿನ್ನೆಲೆ, ನಡುವೆ ಬಿಯರಿಗೆ ಕಹಿ ಕೊಡುವ ಹಾಪ್ ಹೂವು, ಹೂವಿನ ತುದಿಯಲ್ಲೊಂದು ಹನಿ, ಕೆಳಗೆ ಹೆಸರು: ಮುಂಜಾವು. 'ಬಿಯರ್' ಎಂಬ ಒರಟು ಮಾತನ್ನು ಬಾಟಲಿಯ ಬೆನ್ನಿಗೆ, ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿ, ಗಡೀಪಾರು ಮಾಡಿದ.

"ಇದು ಲೇಬಲ್ ಅಲ್ಲ ಕಣೇ, ಕಾವ್ಯ!"

"ಕಾವ್ಯ ಸರಿ, ಒಳಗೇನಿದೆ ಅಂತ ಎಲ್ಲಿ ಬರೆದಿದೀರಿ?" ಎಂದಳು ಹೆಂಡತಿ.

"ನಿನಗೆ ಅದೆಲ್ಲ ತಿಳಿಯಲ್ಲ ಬಿಡು."

ಒಡತಿ ತುಂಬಿಸಿ, ತಿರುಗಿಸಿ ತೆಗೆಯುವ ಮುಚ್ಚಳ ಹಾಕಿ ಕೊಟ್ಟಿದ್ದ ನಾಲ್ಕು ಬಾಟಲಿಗೆ ಲೇಬಲ್ ಅಂಟಿಸಿ, ಬಿಸಿನೀರಿನ ಹಬೆಗೆ ಕಿತ್ತು ಬರುತ್ತದೋ ನೋಡೋಣವೆಂದು ಬಚ್ಚಲುಮನೆಯ ಗೂಡಿನಲ್ಲಿಟ್ಟ. ಮರುದಿನ ಹತ್ತು ಗಂಟೆಗೆ ಆಕೆ ಮನೆಗೇ ಬಂದು ನೋಡುವುದೆಂದು ನಿಗದಿಯಾಗಿತ್ತು. ಅಂದೇ ಸಂಜೆ ಹೆಂಡತಿಯ ತಾಯಿ, ಅಂದರೆ ಅತ್ತೆ, ಬಂದಿಳಿದರು.

ಹತ್ತು ಗಂಟೆಯಾಯಿತು. ಒಡತಿ ಬಂದು ಕುಳಿತಳು. ಡಿಸೈನರ್ ಎದೆಯುಬ್ಬಿಸಿಕೊಂಡು ಬಚ್ಚಲುಮನೆಗೆ ನಡೆದ. ನಾಲ್ಕೂ ಖಾಲಿ! ಹಿಂದೆಯೇ ಅತ್ತೆ, ತಲೆಗೆ ಟವೆಲ್ ಸುತ್ತಿಕೊಂಡು.

"ಎಂಥ ಶಾಂಪೂ ಅಳಿಯಂದ್ರೇ ಅದು? ನೊರೆ ಬರುತ್ತೆ, ನಿಲ್ಲೋದಿಲ್ಲ. ನಾಲ್ಕೂ ಸುರಿದೆ, ಆದ್ರೂ ತಲೆ ತೊಳೆದ ಹಾಗೇ ಇಲ್ಲ!"

"ಅತ್ತೇ, ಅದು ಬಿಯರ್!"

"ಬಿಯರಾ?" ಅತ್ತೆ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಆಗಿನಿಂದ ನೊಣ ಯಾಕೆ ಬೆನ್ನು ಬಿಡ್ತಿಲ್ಲ ಅಂದ್ಕೊಂಡೆ! ಮಗಳೇ, ಬಾರೇ ಇಲ್ಲಿ, ನಿನ್ನ ಗಂಡ ನನ್ನ ತಲೆಗೆ ಹೆಂಡ ಹಾಕಿಸಿದಾನೆ!"

ಗದ್ದಲ ಕೇಳಿ ಒಡತಿಯೂ ಎದ್ದು ಬಂದಳು. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ!

"ನೋಡಿ ಮೇಡಂ, ಇಷ್ಟು ನೀರು ಬಿದ್ರೂ ಲೇಬಲ್ ಜಗ್ಗಿಲ್ಲ!"

ಆಕೆ ಅವನತ್ತ ತಿರುಗಲೂ ಇಲ್ಲ. "ಅಮ್ಮ, ಶಾಂಪೂ ಅಂತ ಹೇಗೆ ಅಂದ್ಕೊಂಡ್ರಿ?"

"ಇನ್ನೇನು ಅಂದ್ಕೊಳ್ಲಿ? ಹೂವಿದೆ, ಹನಿ ಇದೆ, ಮುಂಜಾವು ಅಂತ ಬೇರೆ ಇದೆ. ಬೆಳಗಿನ ಸ್ನಾನಕ್ಕೆ ಅಂದ್ಕೊಂಡೆ. ಕುಡಿಯೋದು ಅಂತ ಎಲ್ಲಾದ್ರೂ ಬರೆದಿದೆಯಾ?"

"ಹಿಂದೆ ಇದೆ ಅತ್ತೆ..."

"ನನ್ನ ಬೆನ್ನ ಮೇಲೂ ಒಂದು ಮಚ್ಚೆ ಇದೆ. ಯಾರಿಗೆ ಕಾಣುತ್ತೆ?"

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಡಿಸೈನರ್ ಬಚ್ಚಲಿನ ಹೊಸ್ತಿಲ ಮೇಲೆ ಕುಸಿದು ಕುಳಿತ. ನೌಕರಿ ಹೋಯಿತು, ಒಪ್ಪಿಕೊಂಡ ಕೆಲಸ ಹೋಯಿತು, ಅತ್ತೆಯ ಕೂದಲೂ ಅಂಟಂಟಾಯಿತು. ಭೂಮಿಯಾದರೂ ಬಾಯಿ ಬಿಡಬಾರದೇ ಎಂದುಕೊಂಡ. ಬಾಯಿ ಬಿಟ್ಟವಳು ಒಡತಿ.

"ಮೂರು ತಿಂಗಳಿಂದ ಎಷ್ಟೋ ಲೇಬಲ್ ನೋಡಿದೆ ಅಮ್ಮ. ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂದವರೇ. ಇಷ್ಟು ನೆಟ್ಟಗೆ ಹೇಳಿದವರು ನೀವೊಬ್ಬರೇ. ನಮ್ಮಲ್ಲಿ ಕೆಲಸಕ್ಕೆ ಬರ್ತೀರಾ?"

"ಕುಡಿಯೋದು ಇಲ್ಲ ತಾನೆ?"

"ಲೇಬಲ್ ನೋಡಿ ಅನಿಸಿದ್ದು ಹೇಳೋದು ಮಾತ್ರ."

"ಹಾಗಾದ್ರೆ ಬರ್ತೀನಿ."

ಡಿಸೈನರ್ ಈಗ ದಿನಾ ಬೆಳಗ್ಗೆ ಅತ್ತೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬರುತ್ತಾನೆ. ಸಂಜೆ ಕರೆತರುತ್ತಾನೆ. ನಡುವೆ ಕೆಲಸ ಹುಡುಕುತ್ತಾನೆ.